ಅಪ್ಪ ಕೇಳಿದ ಮಾತು

16 ಫೆಬ್ರವರಿ 2025, ಭಾನುವಾರ
ಶಿರಸಿ

ಮಧ್ಯಾಹ್ನ ಊಟ ಆದ ಮೇಲೆ ಅಪ್ಪ ಜಗಲಿಯಲ್ಲಿ ಚಾಲಿ ಅಡಿಕೆ ಸುಲಿಯಲು ಕೂತ. ನಾನು ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಸಂಘದ ಲೆಕ್ಕ ತೆಗೆದೆ. ರೂಮಿನಲ್ಲಿ ಒಬ್ಬಳೇ ಕೂತರೆ ಈ ಲೆಕ್ಕ ಮುಂದೆ ಹೋಗುವುದೇ ಇಲ್ಲ. ಪಕ್ಕದಲ್ಲಿ ಯಾರಾದರೂ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರೆ ನನ್ನದೂ ಸಾಗುತ್ತದೆ. ನನ್ನ ಎಡಿಎಚ್‌ಡಿ (ಗಮನ ಬೇಕಾದಲ್ಲಿ ನಿಲ್ಲಿಸಲು ಆಗದ ತೊಂದರೆ) ನೋಡುವ ಹುಬ್ಬಳ್ಳಿ ಡಾಕ್ಟರು ಇದನ್ನೂ ಒಂದು ಉಪಾಯ ಅಂತಲೇ ಹೇಳಿದ್ದಾರೆ.

ಮೆಟ್ಟುಗತ್ತಿಯ ಸದ್ದು ನಿಂತಿತು. ತಲೆ ಎತ್ತಿದರೆ ಅಪ್ಪ ನನ್ನ ಆಸ್ಪತ್ರೆ ಫೈಲು ಹಿಡಿದು ಕೂತಿದ್ದಾನೆ.

"ತಂಗಿ, ಇದು ಯನ್ನಿಂದ ಬಂದಿದ್ದಾ?"

ಏನು ಹೇಳಬೇಕು ಗೊತ್ತಾಗಲಿಲ್ಲ. ಎಡಿಎಚ್‌ಡಿ ರಕ್ತ ಪರೀಕ್ಷೆಯಲ್ಲೋ ಸ್ಕ್ಯಾನಿನಲ್ಲೋ ಕಾಣುವುದಲ್ಲ. ನನಗೆ ಥೈರಾಯ್ಡ್ ಟೆಸ್ಟ್ ಮಾಡಿಸಿದ್ದು ಬೇರೆ ತೊಂದರೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಆಮೇಲೆ ಡಾಕ್ಟರು ಕೇಳಿದ್ದೆಲ್ಲ ಬಾಲ್ಯದ್ದೇ. ಹನ್ನೆರಡು ವರ್ಷದೊಳಗೇ ಲಕ್ಷಣ ಇದ್ದಿರಬೇಕಂತೆ. ಪ್ರಾಥಮಿಕ ಶಾಲೆಯ ಮಾರ್ಕ್ಸ್ ಕಾರ್ಡ್ ಹುಡುಕಿ ಒಯ್ದಿದ್ದೆ. 'ಜಾಣೆ, ಆದರೆ ಲಕ್ಷ್ಯ ಕಡಿಮೆ' ಅಂತ ಬಾಯೋರು ಬರೆದಿದ್ದರು. ನಾನು ಕ್ಲಾಸಿನಲ್ಲಿ ಓಡಾಡಿದವಳಲ್ಲ, ಗಲಾಟೆ ಮಾಡಿದವಳಲ್ಲ. ಕಿಟಕಿ ಹೊರಗೆ ನೋಡುತ್ತ ಕೂತಿರುತ್ತಿದ್ದೆ ಅಷ್ಟೇ. ಹೆಣ್ಣುಮಕ್ಕಳಲ್ಲಿ ಇದು ಎಷ್ಟೋ ಸಲ ಹೀಗೇ ತಪ್ಪಿ ಹೋಗುತ್ತದೆ. ಮೂವತ್ತಾರು ವರ್ಷ ಎಲ್ಲರೂ ನನ್ನನ್ನು ಸೋಮಾರಿ ಅಂದರು, ನಾನೂ ಅದನ್ನೇ ನಂಬಿದೆ.

"ವಂಶದಲ್ಲಿ ಬರ್ತು ಅಪ್ಪ, ಆದ್ರೆ ಅದು ಯಾರ ತಪ್ಪೂ ಅಲ್ಲ" ಅಂದೆ. ಅವಳಿ ಮಕ್ಕಳ ಮೇಲೆ ಮಾಡಿದ ಅಧ್ಯಯನಗಳಲ್ಲಿ ಇದರ ಆನುವಂಶಿಕತೆ (ಜನರ ನಡುವಿನ ವ್ಯತ್ಯಾಸದಲ್ಲಿ ವಂಶವಾಹಿಯ ಪಾಲು) ಶೇ. 70ರಿಂದ 80ರಷ್ಟು ಅಂತ ಸಿಕ್ಕಿದೆ. ಅಂಕಿ ಎಲ್ಲ ಅಪ್ಪನಿಗೆ ಹೇಳಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಂಗೂ ಸಣ್ಣಕಿದ್ದಾಗಿಂದ ಹಿಂಗೇಯ" ಅಂದ. ಪಂಪ್‌ಸೆಟ್ ಬಿಚ್ಚಿ ಹಾಕಿದರೆ ಮತ್ತೆ ಜೋಡಿಸುವ ಹೊತ್ತಿಗೆ ತೋಟ ಒಣಗುತ್ತಿತ್ತು. ಪೇಟೆಗೆ ಹೋದರೆ ತರಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು. ಅದೇ ಅಪ್ಪ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತರೆ ಬೆಲ್ಲ ಪಾಕಕ್ಕೆ ಬರುವ ತನಕ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ಬೇಕಾದ್ದಕ್ಕೆ ಮಾತ್ರ ಗಮನ ಇದೆ ಅಂತ ಆಯಿ ಜಗಳ ತೆಗೆಯುತ್ತಿದ್ದಳು. ಗಮನ ಇಲ್ಲದ್ದಲ್ಲ ಅದು, ಎಲ್ಲಿಗೆ ಬೇಕೋ ಅಲ್ಲಿಗೆ ತಿರುಗಿಸಲು ಆಗದ್ದು. ಆಯಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ ಅಲ್ವಾ. ಅಪ್ಪನಿಗಾದರೂ ಯಾರು ಹೇಳಿದ್ದರು? ಎಪ್ಪತ್ತೊಂದು ವರ್ಷ ಬೈಸಿಕೊಂಡೇ ಕಳೆದ. ನೆನೆಸಿದರೆ ಹೊಟ್ಟೆ ಉರಿಯುತ್ತದೆ.

ಮಾತ್ರೆ ಮುಗಿಯುತ್ತ ಬಂತು, ಈ ವಾರ ತರಿಸಬೇಕು. ಮೀಥೈಲ್‌ಫೆನಿಡೇಟ್ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯೊಳಗೆ ಬರುವ ಔಷಧಿ, ಚೀಟಿ ಇಲ್ಲದೆ ಕೊಡುವಂತಿಲ್ಲ. ಎಲ್ಲ ಅಂಗಡಿಯವರೂ ಇಟ್ಟುಕೊಳ್ಳುವುದೂ ಇಲ್ಲ. ತೆಗೆದುಕೊಂಡ ದಿನ ಹಸಿವು ಕಡಿಮೆ. ಆದರೆ ಶುರು ಮಾಡಿದ ಕೆಲಸ ಮುಗಿಯುತ್ತದೆ. ಮಾತ್ರೆ ಒಂದೇ ಸಾಲುವುದಿಲ್ಲ. ಅಡುಗೆಮನೆ ಬಾಗಿಲಿಗೆ ದಾರದಲ್ಲಿ ಕಟ್ಟಿದ ನೋಟ್‌ಬುಕ್ಕೂ ಬೇಕು, ಫೋನಿನ ಅಲಾರಾಮೂ ಬೇಕು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಮತ್ತೆ ಬಂದ. "ಹಂಗಾರೆ ಪುಟ್ಟಂಗೂ ಇಕ್ಕಾ?"

ಇದನ್ನು ನಾನೂ ಯೋಚಿಸಿದ್ದೆ, ಬಾಯಿಬಿಟ್ಟಿರಲಿಲ್ಲ. ಪುಟ್ಟ ಅಣ್ಣನ ಮಗ, ಎಂಟು ವರ್ಷದ ಹುಡುಗ. ಶಾಲೆಯ ಡೈರಿಯಲ್ಲಿ ದಿನಾ ಕೆಂಪು ಶಾಯಿ, ಅತ್ತಿಗೆ ಹೆದರಿ ಕೂತಿದ್ದಾಳೆ. ತುಂಟತನಕ್ಕೆಲ್ಲ ಈ ಹೆಸರು ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಆದರೆ ತೋರಿಸಿಕೊಂಡು ಬಂದರೆ ಏನು ಹೋಗುತ್ತದೆ? ಅಣ್ಣ ಹೆಸರು ಕೇಳಿದರೇ ಸಿಟ್ಟಾಗುತ್ತಾನೆ, 'ನನ್ನ ಮಗನಿಗೆ ಎಂತ ಆಜು' ಅಂತ. ಅಪ್ಪನೇ ಮೊದಲು ತನ್ನ ವಿಷಯ ಎತ್ತಿದರೆ ಕೇಳಿಯಾನು. ಅತ್ತಿಗೆ ಹತ್ತಿರ ಬೇರೆಯಾಗಿ ಮಾತಾಡಬೇಕು, ಆದರೆ ಅಣ್ಣನಿಗಿಂತ ಮೊದಲು ಅವಳಿಗೆ ಹೇಳಿದೆ ಅಂತಾದರೆ ಮತ್ತೆ...