ಬಿಸಿಲಿಗೆ ಹೆದರಿ ಜಾಕೆಟ್ ಬಿಡ್ಬೇಡಿ

ಮೊನ್ನೆ ಬಳ್ಳಾರಿಯಿಂದ ರಾಯಚೂರಿಗೆ ಬೈಕಲ್ಲಿ ಹೋದೆ, 41 ಡಿಗ್ರಿ ಬಿಸಿಲು, ಸಿಂಧನೂರಲ್ಲಿ ಟೀ ಕುಡಿಯೋಕೆ ನಿಲ್ಸಿದ್ರೆ ಅಲ್ಲಿದ್ದ ಅಜ್ಜ ಒಬ್ರು "ಏನ್ ತಮ್ಮಾ, ಇಂಥಾ ಬಿಸಿಲಾಗ ಕೋಟ್ ಹಾಕ್ಕೊಂಡು ಬಂದೀಯಲ್ಲ" ಅಂದ್ರು. ಎರಡು ವರ್ಷದ ಹಿಂದೆ ಬರೀ ಟೀ ಶರ್ಟಲ್ಲಿ ಜಲ್ಲಿ ಮೇಲೆ ಜಾರಿ ಬಿದ್ದಿದ್ದೆ, ಸ್ಪೀಡ್ 30 ಕೂಡ ಇರ್ಲಿಲ್ಲ, ಮೊಣಕೈ ಚರ್ಮ ಕಿತ್ಹೋಗಿ ರಾತ್ರಿ ಬೆಡ್‌ಶೀಟ್‌ಗೆ ಅಂಟ್ಕೊಳ್ತಿತ್ತು, ಬೆಳಿಗ್ಗೆ ನೀರು ಹಾಕಿ ನೆನೆಸಿ ಬಿಡಿಸ್ಬೇಕಿತ್ತು. ಆ ಗಾಯದ ಕಲೆ ತೋರ್ಸಿದೆ, ಅಜ್ಜ ಸುಮ್ನೆ ತಲೆ ಆಡಿಸಿ ಇನ್ನೊಂದು ಲೋಟ ನೀರು ಕೊಟ್ರು.

ಈಗ ಹಾಕೋದು ತಿಳಿ ಬೂದು ಬಣ್ಣದ ಮೆಶ್ ಜಾಕೆಟ್, ಅಂದ್ರೆ ಗಾಳಿ ಆಡೋ ಬಲೆ ಥರದ ಬಟ್ಟೆದು. ತಗೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ, ಎದೆ ಬೆನ್ನಲ್ಲಿ ಬೆಳಕು ಕಾಣ್ಬೇಕು, ಆದ್ರೆ ಭುಜ ಮೊಣಕೈ ಹತ್ರ ಗಟ್ಟಿ ಬಟ್ಟೆನೇ ಇರ್ಬೇಕು, ಬಿದ್ದಾಗ ಮೊದ್ಲು ಉಜ್ಜೋದು ಅಲ್ಲೇ. ಆರ್ಮರ್, ಅಂದ್ರೆ ಒಳಗಿರೋ ಪೆಟ್ಟು ತಡೆಯೋ ಪ್ಯಾಡ್ ಮೇಲೆ ಸಿಇ (ಯುರೋಪಿನ ಸುರಕ್ಷತಾ ಗುರುತು) ಲೆವೆಲ್ 1 ಅಥವಾ 2 ಅಂತ ಇದ್ಯಾ ನೋಡಿ, ತುಂಬ ಜಾಕೆಟ್‌ಗಳಲ್ಲಿ ಬೆನ್ನಿಗೆ ಬರೀ ಸ್ಪಂಜ್ ತುಂಡು ಇರತ್ತೆ, ಅದನ್ನ ತೆಗೆದು ಸರಿಯಾದ್ದು ಹಾಕ್ಸಿ. ಗಾಳಿ ಆಡ್ಲಿ ಅಂತ ಲೂಸ್ ಸೈಜ್ ಮಾತ್ರ ಬೇಡ, ಮೊಣಕೈ ಆರ್ಮರ್ ತಿರುಗಿ ಪಕ್ಕಕ್ಕೆ ಹೋಗತ್ತೆ.

ಇನ್ನೊಂದು, ಗಾಳಿ ಮೈಗಿಂತ ಬಿಸಿ ಇದ್ದಾಗ ಮೆಶ್ ಒಳಗೆ ಬರೋದೂ ಬಿಸಿ ಗಾಳಿನೇ. ಅದಕ್ಕೆ ಒಳಗಿನ ಕಾಟನ್ ಬನಿಯನ್ ಒದ್ದೆ ಮಾಡ್ಕೊಂಡು ಹೊರಡ್ತೀನಿ, ಮಾನ್ವಿ ಬರೋಷ್ಟರಲ್ಲಿ ಒಣಗಿತ್ತು, ಮತ್ತೆ ನೆನೆಸ್ಕೊಂಡೆ.