ಐಸಿ50 ಬರೆಯುವ ಮುನ್ನ

ದಾವಣಗೆರೆ, ಚಿತ್ರದುರ್ಗದ ಫಾರ್ಮಸಿ, ಬಯೋಟೆಕ್ ಪ್ರಾಜೆಕ್ಟಿಗೆ ಒಂದು ಸಲೀಸು ದಾರಿ ಇದೆ: ಜೋಗಿಮಟ್ಟಿ ಆಸುಪಾಸಿನ ಗಿಡ (ಅನುಮತಿ ಪಡೆದೇ) ತಂದು, ನೆರಳಲ್ಲಿ ಒಣಗಿಸಿ, ಮೆಥನಾಲ್‌ನಲ್ಲಿ ಸಾರ ತೆಗೆದು, ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಎಂಟಿಟಿ (ಬದುಕಿರುವ ಕೋಶ ಅಳೆಯುವ ಬಣ್ಣದ ಪರೀಕ್ಷೆ) ಮಾಡಿ ಐಸಿ50, ಅಂದರೆ ಆ ಓದನ್ನು ಅರ್ಧಕ್ಕಿಳಿಸುವ ಡೋಸ್, ಬರೆಯುವುದು. ಮುಂದಿನ ವರ್ಷದವರು ಅದನ್ನೇ ಮಾಡಿದರೆ ಅಂಕಿ ತಾಳೆಯಾಗುವುದಿಲ್ಲ.

ಮೊದಲು ಅನುಮಾನಿಸಬೇಕಾದ್ದು ಸಾರವನ್ನೇ. ಬದುಕಿರುವ ಕೋಶ ಹಳದಿ ಎಂಟಿಟಿಯನ್ನು ನೇರಳೆ ಫಾರ್ಮಜಾನ್ ಮಾಡುತ್ತದೆ. ನೇರಳೆ ಇಳಿದರೆ ಕೋಶ ಸತ್ತಿವೆ ಎಂದು ಲೆಕ್ಕ. ಆದರೆ ಪಾಲಿಫಿನಾಲ್ (ಗಿಡಗಳಲ್ಲಿನ ಒಂದು ಬಗೆಯ ರಾಸಾಯನಿಕ) ಹೆಚ್ಚಿರುವ ಸಾರ ಕೋಶವೇ ಇಲ್ಲದ ವೆಲ್‌ನಲ್ಲೂ (ಪ್ಲೇಟಿನ ಪುಟ್ಟ ಗುಳಿ) ನೇರಳೆ ಬರಿಸಬಲ್ಲದು. ಹಾಗಾಗಿ ಪ್ರತಿ ಡೋಸ್‌ಗೂ ಮೂರು ವೆಲ್‌ಗಳಲ್ಲಿ ಕೋಶವಿಲ್ಲದೆ ಮೀಡಿಯಂ, ಸಾರ, ಎಂಟಿಟಿ ಹಾಕಿ, ಆ ಓದನ್ನು ಕಳೆಯಿರಿ. ಒಂದೆರಡು ಡೋಸ್‌ನಲ್ಲಿ ಸತ್ತ ಕೋಶಕ್ಕೆ ಮಾತ್ರ ಬಣ್ಣ ಹಿಡಿಸುವ ಟ್ರೈಪಾನ್ ಬ್ಲೂ ಹಾಕಿ ಕೋಶ ಎಣಿಸಿ ನೋಡುವುದೂ ಒಳ್ಳೆಯದು.

ಒಂದು ನಮೂನೆ: ವೆಲ್‌ಗೆ 100 ಮೈಕ್ರೋಲೀಟರ್‌ನಲ್ಲಿ 5,000 ಕೋಶ, ಅಂಟಿಕೊಳ್ಳಲು 24 ಗಂಟೆ, ಸಾರದೊಂದಿಗೆ 48 ಗಂಟೆ; ಆಮೇಲೆ ಮಿ.ಲೀ.ಗೆ 5 ಮಿ.ಗ್ರಾಂನ ಎಂಟಿಟಿ 10 ಮೈಕ್ರೋಲೀಟರ್, ಕತ್ತಲಲ್ಲಿ 4 ಗಂಟೆ. ದ್ರವ ತೆಗೆದು ಫಾರ್ಮಜಾನನ್ನು 100 ಮೈಕ್ರೋಲೀಟರ್ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ 570 ನ್ಯಾನೋಮೀಟರ್‌ನಲ್ಲಿ ಓದಿ. ಡೋಸ್ ಏರಿದಂತೆ ಸಾರ ಕರಗಿಸಲು ಬಳಸಿದ ಡಿಎಂಎಸ್‌ಒ ಕೂಡ ಏರಿದರೆ ನೀವು ಅಳೆದದ್ದು ಡಿಎಂಎಸ್‌ಒದ ವಿಷವನ್ನೇ ಇರಬಹುದು. ಕಂಟ್ರೋಲ್ ಸೇರಿ ಎಲ್ಲ ವೆಲ್‌ಗೂ ಒಂದೇ ಪ್ರಮಾಣ ಇರಲಿ, 0.5% ಮೀರದಿರಲಿ.

96 ವೆಲ್ ಪ್ಲೇಟಿನ ಅಂಚಿನ 36 ವೆಲ್ ಬೇಗ ಆರುತ್ತವೆ. ಅವಕ್ಕೆ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ತುಂಬಿ, ಒಳಗಿನ 60ರಲ್ಲೇ ಕೆಲಸ ಮಾಡಿ. ಇನ್‌ಕ್ಯುಬೇಟರ್‌ನ ನೀರಿನ ತಟ್ಟೆ ಒಣಗಿದ್ದರೆ ಇದೂ ಉಳಿಸದು. ಕರೆಂಟ್ ಹೋದಾಗ ಬಾಗಿಲು ತೆರೆಯಬೇಡಿ. ಎಷ್ಟು ಹೊತ್ತು ಹೋಗಿತ್ತೆಂದು ಬರೆದಿಡಿ.

ಒಂದೇ ಪ್ಲೇಟಿನ ಆರು ವೆಲ್ ಆರು ಪ್ರಯೋಗವಲ್ಲ, ಒಂದೇ. ಬೇರೆ ದಿನ, ಬೇರೆ ಪ್ಯಾಸೇಜ್‌ನ (ಕೋಶಗಳನ್ನು ಹೊಸ ಪಾತ್ರೆಗೆ ಬದಲಿಸಿದ ಸುತ್ತಿನ) ಕೋಶಗಳಲ್ಲಿ ಮೂರು ಸಲ ಮಾಡಿದರೆ ಎನ್, ಅಂದರೆ ಪ್ರಯೋಗಗಳ ಸಂಖ್ಯೆ, ಮೂರು. ವೆಲ್‌ಗಳನ್ನೇ ಪ್ರಯೋಗವೆಂದು ಎಣಿಸುವುದು ಪ್ರಬಂಧಗಳಲ್ಲಿ ಆಗಾಗ ಕಾಣುವ ಕಳ್ಳಲೆಕ್ಕ.

ಪಕ್ಕದ ಲ್ಯಾಬಿನಿಂದ ಕೈಗಡ ತಂದ ಕೋಶ ಬೇಡ. ಎಂಡಿಎ-ಎಂಬಿ-435 ಎಂಬ ಕೋಶ ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಎಂದೇ ಓಡಾಡಿತು. ಅದು ಎಂ14 ಎಂಬ ಮೆಲನೋಮಾ (ಚರ್ಮದ ಕ್ಯಾನ್ಸರ್) ಕೋಶ. ಪುಣೆಯ ಎನ್‌ಸಿಸಿಎಸ್‌ನಂಥ ಕೋಶ ಭಂಡಾರದಿಂದ ತರಿಸಿ, ಕೋಶದ ಗುರುತು ಹೇಳುವ ಎಸ್‌ಟಿಆರ್ ಡಿಎನ್‌ಎ ಪರೀಕ್ಷೆ ಮಾಡಿಸಿ. ಕೋಶಗಳಿಗೆ ಸೇರಿಕೊಳ್ಳುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯೇ ಇಲ್ಲ, ಪೆನಿಸಿಲಿನ್ ಮುಟ್ಟುವುದಿಲ್ಲ, ಮೀಡಿಯಂ ಕದಡುವುದೂ ಇಲ್ಲ. ಪಿಸಿಆರ್‌ನಂಥ ಪರೀಕ್ಷೆ ಮಾಡಿದರಷ್ಟೇ ಸಿಗುತ್ತದೆ.

2021ರಲ್ಲಿ ಮುಗಿದ ಕ್ಯಾನ್ಸರ್ ಬಯಾಲಜಿ ಮರುಪ್ರಯೋಗ ಯೋಜನೆ 53 ಪ್ರಬಂಧಗಳ 193 ಪ್ರಯೋಗಗಳನ್ನು ಮತ್ತೆ ಮಾಡಹೊರಟು 50ನ್ನಷ್ಟೇ ಮುಗಿಸಿತು. ಲೇಖಕರನ್ನು ಕೇಳದೆ ವಿಧಾನ ರೂಪಿಸುವಷ್ಟು ವಿವರ 193ರಲ್ಲಿ ಒಂದಕ್ಕೂ ಇರಲಿಲ್ಲ. ನಿಮ್ಮ ವಿಧಾನದ ಪುಟದಲ್ಲಿ ಪ್ಯಾಸೇಜ್ ಸಂಖ್ಯೆ, ಸೀರಂ ಲಾಟ್, ಗಿಡ ಕಿತ್ತ ತಿಂಗಳು, ಹರ್ಬೇರಿಯಂ (ಒಣಗಿಸಿಟ್ಟ ಗಿಡದ ಮಾದರಿ) ಸಂಖ್ಯೆ, ಕೈಬಿಟ್ಟ ಪ್ಲೇಟುಗಳು ಮತ್ತು ಕೈಬಿಟ್ಟ ಕಾರಣ ಇರಲಿ.