ತೊಡೆ ಹಿಡಿಯುವುದು ಏರಿದ್ದಕ್ಕಲ್ಲ, ಇಳಿದದ್ದಕ್ಕೆ

ಯಾದಗಿರಿ ಕೋಟೆಯ ಬೆಟ್ಟ ಏರುವಾಗ ದಮ್ಮು ಹತ್ತುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇಳಿಯುವಾಗ ಅಂಥದ್ದೇನೂ ಇಲ್ಲ. ಆದರೂ ಮರುದಿನ ತೊಡೆ ಹಿಡಿದುಕೊಳ್ಳುವುದು ಬಹುಮಟ್ಟಿಗೆ ಆ ಸಲೀಸಾದ ಇಳಿತದಿಂದಲೇ. ಪೊಲೀಸ್ ನೇಮಕಾತಿಗೆಂದು ಕಲಬುರಗಿಯ ಮೈದಾನಗಳಲ್ಲಿ ಓಡುವ ಹುಡುಗ ಹುಡುಗಿಯರು, ತಾಲೀಮಿಗೆ ಹೊಸದಾಗಿ ಸೇರಿದವರು ಇದನ್ನು ಮೊದಲೇ ತಿಳಿದಿರಬೇಕು.

ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರ ತಡೆಯುತ್ತ, ಬಿಗಿ ಬಿಡದೆ ಉದ್ದವಾಗಬೇಕು. ತುಂಬಿದ ಕೊಡವನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಬಿಡುವಾಗ ಕೈ ಮಾಡುವ ಕೆಲಸ ಇದೇ. ಈ ಎಳೆತಕ್ಕೆ ಸ್ನಾಯುವಿನ ಎಳೆಗಳಲ್ಲಿರುವ ಸಾರ್ಕೊಮಿಯರ್ ಎಂಬ ಸೂಕ್ಷ್ಮ ಘಟಕಗಳಲ್ಲಿ ಕೆಲವು ಅತಿಯಾಗಿ ಹಿಗ್ಗಿ ಸಾಲು ತಪ್ಪುತ್ತವೆ. ಸುತ್ತಲಿನ ಪೊರೆಗೂ ಪೆಟ್ಟಾಗುತ್ತದೆ. ಆಮೇಲೆ ಅಲ್ಲಿ ಉರಿಯೂತ ಶುರುವಾಗಿ, ಆಗ ಹೊಮ್ಮುವ ರಾಸಾಯನಿಕಗಳಿಂದ ನರತುದಿಗಳು ಮುಟ್ಟಿದರೂ ನೋಯುವಷ್ಟು ಸೂಕ್ಷ್ಮವಾಗುತ್ತವೆ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಅದಕ್ಕೇ ನೋವು 12ರಿಂದ 24 ಗಂಟೆಗೆ ಕಾಣಿಸಿಕೊಂಡು, 24ರಿಂದ 72 ಗಂಟೆಯೊಳಗೆ ತುದಿ ಮುಟ್ಟಿ, ವಾರದೊಳಗೆ ಹೋಗುತ್ತದೆ.

ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಕೂತು ನೋಯುತ್ತದೆ ಎಂಬ ಮಾತು ಇನ್ನೂ ಜಿಮ್‌ಗಳಲ್ಲಿ ಓಡಾಡುತ್ತಿದೆ. ಅದು ತಪ್ಪು. ವ್ಯಾಯಾಮದಲ್ಲಿ ಏರಿದ ಲ್ಯಾಕ್ಟೇಟ್ (ಈ ಆಮ್ಲ ಮೈಯಲ್ಲಿರುವ ರೂಪ) ಹೆಚ್ಚುಕಡಿಮೆ ಒಂದು ತಾಸಿನಲ್ಲಿ ಮೊದಲ ಮಟ್ಟಕ್ಕೆ ಬರುತ್ತದೆ. ಅದೇ ಕಾರಣವಾಗಿದ್ದರೆ ದಮ್ಮು ಕಟ್ಟಿಸುವ ಏರಿನಿಂದಲೇ ಹೆಚ್ಚು ನೋಯಬೇಕಿತ್ತು.

ಬೈಠಕ್‌ನಲ್ಲಿ ಕೂರುವ ಹೊತ್ತು, ದಂಡದಲ್ಲಿ ಎದೆ ನೆಲಕ್ಕೆ ಇಳಿಯುವ ಹೊತ್ತು, ಇವೇ ಇಳಿತಗಳು. ಮೊದಲ ದಿನವೇ ನೂರು ಬೈಠಕ್ ಹೊಡೆಸುವುದು ಕೆಟ್ಟ ಪದ್ಧತಿ. 10ರಂತೆ 2 ಸರತಿ ಸಾಕು, ಎರಡು ದಿನ ಬಿಟ್ಟು ಮತ್ತೆ ಅಷ್ಟೇ, ಮುಂದಿನ ವಾರ 3 ಸರತಿ. ಸ್ನಾಯು ಒಮ್ಮೆ ಇಂಥ ಪೆಟ್ಟು ತಿಂದರೆ ಮುಂದಿನ ಹಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಈ ರಕ್ಷಣೆಗೆ ಸಣ್ಣ ಪ್ರಮಾಣವೂ ಸಾಕಾಗುತ್ತದೆ. ನೋವಿನ ಜೊತೆ ಬಲವೂ ಕೆಲ ದಿನ ಕುಗ್ಗುತ್ತದೆ. ಹಾಗಾಗಿ 1600 ಮೀಟರ್ ಓಟದ ಪರೀಕ್ಷೆಗೆ ವಾರವಿರುವಾಗ ಹೊಸ ವ್ಯಾಯಾಮ ಶುರು ಮಾಡಲೇಬಾರದು.

ಹಿಡಿದುಕೊಂಡ ಮೇಲೆ? ಹಗುರಾಗಿ 20 ನಿಮಿಷ ನಡೆಯಿರಿ, ನಡೆಯುವಷ್ಟು ಹೊತ್ತು ಸಡಿಲ ಅನ್ನಿಸುತ್ತದೆ. ಮೆಲ್ಲಗೆ ತಿಕ್ಕಿಸಿಕೊಂಡರೂ ಸ್ವಲ್ಪ ಆರಾಮ. ಮೈ ಎಳೆದು ಹಿಗ್ಗಿಸುವುದರಿಂದ ಈ ನೋವು ಹೇಳಿಕೊಳ್ಳುವಷ್ಟು ಕಡಿಮೆಯಾಗದು. ತೊಗರಿ ಬೇಳೆ 100 ಗ್ರಾಮಿಗೆ ಸುಮಾರು 22 ಗ್ರಾಂ, ಶೇಂಗಾ 25 ಗ್ರಾಂ ಪ್ರೋಟೀನ್ ಕೊಡುತ್ತವೆ. ರೊಟ್ಟಿಯ ಜೊತೆ ಬೇಳೆ, ಶೇಂಗಾ ಹಿಂಡಿ ದಿನಾ ಇರಲಿ. ಆದರೆ ಇವತ್ತು ತಿಂದು ನಾಳೆಗೆ ನೋವು ಹೋಗಲಿ ಎಂದು ಕಾಯಬೇಡಿ, ಅದು ನಿಧಾನದ ರಿಪೇರಿಗೆ ಬೇಕಾದ ಸಾಮಾನು.

ಸಾಮಾನ್ಯ ನೋವು ಎರಡೂ ಕಾಲಿಗೆ ಸಮವಾಗಿ, ಸ್ನಾಯುವಿನ ನಡುಭಾಗದಲ್ಲಿ, ಮಂದವಾಗಿರುತ್ತದೆ. ಓಡುತ್ತಿರುವಾಗಲೇ ಚಳಕ್ ಎಂದು ಒಂದೇ ಕಡೆ ಹಿಡಿದು, ಬಾತು, ಕಪ್ಪಗಾದರೆ ಅದು ಗಾಯ. ವೈದ್ಯರಿಗೆ ತೋರಿಸಿ.

ಅತಿ ಗಂಭೀರವಾದದ್ದು ಇನ್ನೊಂದಿದೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ, ನೀರು ಕಡಿಮೆ ಕುಡಿದು ಅತಿಯಾಗಿ ವ್ಯಾಯಾಮ ಮಾಡಿದರೆ ಸ್ನಾಯು ಒಡೆದು, ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡಿಸಬಹುದು. ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಾಲು ಬಾತು ನಿಲ್ಲಲಾಗದಿದ್ದರೆ ನೋವಿನ ಗುಳಿಗೆ ನುಂಗಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಆಗ ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ. ಬೆಳಗಾಗಲಿ ಎಂದು ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ, ಮೂತ್ರದ ಬಣ್ಣ ಬದಲಾದದ್ದನ್ನು ಮೊದಲು ಹೇಳಿ, ರಕ್ತದಲ್ಲಿ ಸಿಕೆ (ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕ್ರಿಯಾಟಿನ್ ಕೈನೇಸ್) ಪರೀಕ್ಷೆ ಮಾಡಬೇಕೇ ಎಂದು ಕೇಳಿ. ಸಲೈನ್ ಎಷ್ಟು ಬೇಗ ಏರುತ್ತದೋ ಮೂತ್ರಪಿಂಡಕ್ಕೆ ಅಷ್ಟು ಒಳ್ಳೆಯದು.